ದುಡಿಯಾಕ ಹೋಗೀರೋ, ತಿರುಗಾಕ ಹೋಗೀರೋ?

ಈ ಪ್ರಶ್ನೆ ಕೇಳಿದ್ದು ನಮ್ಮ ಆಯಿ. ಊರಿನಿಂದ ಫೋನ್ ಮಾಡಿ ಕೇಳಿದಳು. 2016ರ ಏಪ್ರಿಲ್ ಕೊನೆಯ ವಾರ. ನಾವು ಬೆಂಗಳೂರಿನ ಹೂಡಿ ಹತ್ತಿರ ಒಂದು ಅಪಾರ್ಟ್‌ಮೆಂಟ್ ಕಟ್ಟಡದ ಕೆಲಸದಲ್ಲಿದ್ದೆವು. ರಾತ್ರಿ ಎಂಟು ಗಂಟೆ. ತಗಡಿನ ಶೆಡ್ಡಿನ ಮುಂದೆ ಕೂತು ಉಣ್ಣುತ್ತಿದ್ದೆವು. ಫೋನ್ ಸ್ಪೀಕರಿಗೆ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು. ಯಾರೂ ಉತ್ತರ ಕೊಡಲಿಲ್ಲ.

ಆ ಉತ್ತರ ಕೊಡಲು ನಮಗೆ ಒಂಬತ್ತು ವರ್ಷ ಹಿಡಿಯಿತು. ಇದನ್ನು ಓದುವವರಲ್ಲಿ ಗುಳೆ ಹೋಗಿ ಬಂದವರಿದ್ದೀರಿ, ಈಗಲೂ ಶೆಡ್ಡಿನಲ್ಲೇ ಕೂತು ಫೋನ್ ನೋಡುತ್ತಿರುವವರಿದ್ದೀರಿ, ಹೋದ ಮಕ್ಕಳ ಫೋನಿಗೆ ಕಾಯುವವರೂ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಾವು ಯಾರು ಎಂದು ಹೇಳಿಬಿಡುತ್ತೇವೆ. ಲಿಂಗಸುಗೂರು ತಾಲೂಕಿನ ಒಂದು ಊರಿನವರು. ಕಾಕಾ, ಚಿಗವ್ವ, ಹತ್ತೊಂಬತ್ತು ವರ್ಷದ ಅಕ್ಕನ ಮಗ, ಮತ್ತು ಇದನ್ನು ಬರೆಯುತ್ತಿರುವ ನಾವು. ಒಟ್ಟು ನಾಲ್ಕು ಜನ. ಕಾಕಾನ ಎರಡು ಮಕ್ಕಳು ಶಾಲೆ ಬಿಡಬಾರದೆಂದು ಆಯಿಯ ಹತ್ತಿರ ಊರಲ್ಲೇ ಉಳಿದಿದ್ದರು.

2015ರಲ್ಲಿ ಮುಂಗಾರು ಕೈಕೊಟ್ಟಿತು. ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದು ಒಣಗಿತು. ಕಾಕಾ ಬೋರ್ ಹಾಕಿಸಲು ಊರಿನ ಸಾವಕಾರರ ಹತ್ತಿರ 60,000 ರೂಪಾಯಿ ತಂದಿದ್ದರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಬೋರಿನಲ್ಲಿ ಧೂಳು ಬಂತು, ನೀರು ಬರಲಿಲ್ಲ. ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ದಿನಕ್ಕೆ 204 ರೂಪಾಯಿ ಕೂಲಿ ಇತ್ತು. ದುಡಿದದ್ದು ಖಾತೆಗೆ ಯಾವಾಗ ಬೀಳುತ್ತದೆ ಎಂದು ಹೇಳುವವರಿರಲಿಲ್ಲ. ಬಡ್ಡಿ ಮಾತ್ರ ತಿಂಗಳು ತಿಂಗಳು 1,800 ಬೆಳೆಯುತ್ತಿತ್ತು.

ನಾವೋ, ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ಒಂದು ಪತ್ರಿಕೆಗೆ ತಾಲೂಕಿನಿಂದ ಸುದ್ದಿ ಕಳಿಸುತ್ತಿದ್ದೆವು. ಸಂಬಳವಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂದು ಲೆಕ್ಕ. ಆ ಲೆಕ್ಕವೂ ಆರು ತಿಂಗಳಿನಿಂದ ಬಾಕಿ. ಜನವರಿಯಲ್ಲಿ 'ಗುಳೆ ಹೊರಟ ಜನ, ಬೀಗ ಬಿದ್ದ ಮನೆಗಳು' ಎಂದು ಸುದ್ದಿ ಬರೆದೆವು. ಫೆಬ್ರುವರಿಯಲ್ಲಿ ನಮ್ಮ ಮನೆಗೇ ಬೀಗ ಹಾಕಿ ಬಸ್ ಹತ್ತಿದೆವು. ಜೊತೆಯ ವರದಿಗಾರರಿಗೆ 'ಬೆಂಗಳೂರಿನಲ್ಲಿ ಒಂದು ತರಬೇತಿ ಇದೆ' ಎಂದು ಹೇಳಿದ್ದೆವು. ಅದು ಸುಳ್ಳು.

ಸಂಜೆ ಹತ್ತಿದ ಸರ್ಕಾರಿ ಬಸ್ಸು ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಸಿತು. ತಲೆಯ ಮೇಲೆ ಜೋಳದ ಹಿಟ್ಟಿನ ಚೀಲ, ಕೈಯಲ್ಲಿ ಹಂಚು, ಕೊಡ. ಚಿಗವ್ವ ನಿಂತು ಸುತ್ತಲೂ ನೋಡಿದಳು. 'ಇಷ್ಟ್ ದೊಡ್ಡ ಜಾಗ ಇವರಿಗೆ ಎಲ್ಲಿ ಸಿಕ್ಕಿತೋ?' ಎಂದಳು. ಡಿಪ್ಲೊಮಾ ಓದುವಾಗ ತಿಳಿದದ್ದನ್ನು ಹೇಳಿದೆವು: ಇದು ಮೊದಲು ಧರ್ಮಾಂಬುಧಿ ಕೆರೆ, ಊರಿಗೆ ಕುಡಿಯುವ ನೀರು ಕೊಡುತ್ತಿತ್ತು, ಕೆರೆ ಒಣಗಿದ ಮೇಲೆ ಆ ಅಂಗಳದಲ್ಲಿ ಬಸ್ ನಿಲ್ದಾಣ ಬಂತು. ಸಂಪಂಗಿ ಕೆರೆ ಇದ್ದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. ಚಿಗವ್ವ ಒಂದು ಕ್ಷಣ ಕಾಲ ಕೆಳಗಿನ ಡಾಂಬರು ನೋಡಿದಳು. 'ನಾವು ಕೆರಿಗೆ ನೀರಿಲ್ಲಂತ ಇಲ್ಲಿ ಬಂದೀವಿ. ಇವರು ಕೆರಿನ ಇಲ್ಲದಂಗ ಮಾಡ್ಯಾರ' ಎಂದಳು. ಬೆಂಗಳೂರಿನಲ್ಲಿ ನಾವು ನೋಡಿದ ಮೊದಲ ಜಾಗ ಅದೇ.

ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಗೊತ್ತಿದೆ. ಗಂಡಾಳಿಗೆ 400, ಹೆಣ್ಣಾಳಿಗೆ 300. ಶನಿವಾರ ಸಂಜೆ ಬಟವಾಡೆ. ಹತ್ತಡಿ ಅಗಲ, ಹತ್ತಡಿ ಉದ್ದದ ತಗಡಿನ ಶೆಡ್ಡು. ವಾರಕ್ಕೆ ಎಷ್ಟು ಸಲ ನೀರಿನ ಟ್ಯಾಂಕರ್ ಬರುತ್ತದೆಯೋ ಅಷ್ಟು ಸಲ ಜಗಳ. ಕಾಕಾ ಹರೆಯದಲ್ಲಿ ಸೈಜುಗಲ್ಲು ಒಡೆದವರು, ಕೈ ನೆಟ್ಟಗಿತ್ತು, ಬೇಗನೆ ಬ್ಲಾಕ್ ಕಟ್ಟುವ ಕೆಲಸಕ್ಕೆ ಸೇರಿಸಿಕೊಂಡರು. ಅಕ್ಕನ ಮಗ ಸೆಂಟ್ರಿಂಗ್ ಕಡೆ ಹೋದ. ಚಿಗವ್ವ ಬಾಂಡ್ಲಿ ಹೊತ್ತಳು. ನಾವು ಎರಡು ವಾರ ಸಿಮೆಂಟ್ ಚೀಲ ಹೊತ್ತೆವು. ಬರವಣಿಗೆ ಬರುತ್ತದೆ ಎಂದು ತಿಳಿದ ಮೇಲೆ ಮೇಸ್ತ್ರಿ ಹಾಜರಿ ಪುಸ್ತಕವನ್ನೂ ನಮ್ಮ ಕೈಗೇ ಕೊಟ್ಟರು. ಚೀಲ ಹೊರುವುದು ಮಾತ್ರ ತಪ್ಪಲಿಲ್ಲ.

ಹದಿನಾಲ್ಕನೇ ಮಹಡಿಯ ಸ್ಲ್ಯಾಬಿನ ಮೇಲೆ ನಿಂತರೆ ಇಡೀ ಬೆಂಗಳೂರು ಕಾಣುತ್ತಿತ್ತು. ಬೆಳಗ್ಗೆ ಮಂಜು, ಸಂಜೆ ದೀಪ. ಅಕ್ಕನ ಮಗ ಅಲ್ಲಿಂದ ಕೈ ಮಾಡಿ ತೋರಿಸುತ್ತಿದ್ದ: 'ಮಾಮಾ, ಅದು ಏನಿರಬೇಕು? ಆ ಹಸಿರು ಏನು?' ನಮಗೂ ಗೊತ್ತಿರಲಿಲ್ಲ. ಒಂದು ತಿಂಗಳಾದರೂ ನಾವು ಕಂಡದ್ದು ಶೆಡ್ಡು, ಸೈಟು, ದಾರಿಯ ಆಚೆಗಿನ ಕಿರಾಣಿ ಅಂಗಡಿ, ಇಷ್ಟೇ. ಹುಡುಗ ಒಂದು ದಿನ ಬೇಜಾರಿನಿಂದ ಅಂದ: 'ಊರಿಗೆ ಹೋದ ಮ್ಯಾಲೆ ಬೆಂಗಳೂರು ಹೆಂಗೈತಿ ಅಂತ ಕೇಳ್ತಾರ. ಸಿಮೆಂಟ್ ಹಂಗೈತಿ ಅನ್ನಲ್ಯಾ?'

ಆ ಮಾತಿಗೆ ನಕ್ಕೆವು. ಆದರೆ ಮುಂದಿನ ಭಾನುವಾರ ಹೊರಟೇಬಿಟ್ಟೆವು.

ಮೊದಲು ಹೋದದ್ದು ಕಬ್ಬನ್ ಪಾರ್ಕಿಗೆ. ಟಿಕೆಟ್ ಇಲ್ಲ, ಅದೇ ಮುಖ್ಯ ಕಾರಣ. ಚಿಗವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಳು. ಶೇಂಗಾ ಹಿಂಡಿ, ಕೆಂಪು ಚಟ್ನಿ, ಉಳ್ಳಾಗಡ್ಡಿ, ಬಟ್ಟೆಯಲ್ಲಿ ಕಟ್ಟಿಕೊಂಡೆವು. 1870ರಲ್ಲಿ ಮಾಡಿದ ತೋಟ ಅದು. ಬಿದಿರಿನ ಮೆಳೆಗಳ ಕೆಳಗೆ ನೆರಳು ಎಂದರೆ ನೆರಳು. ಅದರ ಅಂಚಿಗೇ ಕೆಂಪು ಬಣ್ಣದ ಹೈಕೋರ್ಟ್ ಕಟ್ಟಡ. ಅದಕ್ಕೆ ಅಠಾರಾ ಕಚೇರಿ ಎಂದೂ ಹೆಸರು ಎಂದು ಹೇಳುತ್ತಿದ್ದಂತೆ ಕಾಕಾ ಅರ್ಥ ಬಿಡಿಸಿದರು: 'ಅಠಾರಾ ಅಂದ್ರ ಹದಿನೆಂಟು. ಹದಿನೆಂಟು ಕಚೇರಿ ಇದ್ದಿರಬೇಕು.' ನಿಜವೇ. 1868ರಲ್ಲಿ ಕಟ್ಟಿ ಮುಗಿಸಿದಾಗ ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು. 1948ರ ತನಕ ನಿಜಾಮರ ಕೈಯಲ್ಲಿದ್ದ ರಾಯಚೂರು ಸೀಮೆಯವರಿಗೆ ಉರ್ದು ಲೆಕ್ಕ ಯಾರೂ ಕಲಿಸಬೇಕಿಲ್ಲ. ಓದು ಬಾರದ ಕಾಕಾ ಆ ದಿನ ನಮಗೆ ಗೈಡ್ ಆದರು.

ಮರದ ಕೆಳಗೆ ರೊಟ್ಟಿ ಬಿಚ್ಚಿದಾಗ ಪಾರ್ಕಿನ ಕಾವಲುಗಾರರೊಬ್ಬರು ಹತ್ತಿರ ಬಂದರು. ಇಲ್ಲಿ ಉಣ್ಣಬಾರದು ಎನ್ನುತ್ತಾರೆಂದು ಚಿಗವ್ವ ಬಟ್ಟೆ ಮುಚ್ಚಿದಳು. ಅವರು ಕೇಳಿದ್ದು ಬೇರೆ: 'ಯಾವೂರ ರೀ?' ಲಿಂಗಸುಗೂರು ಕಡೆ ಎಂದೆವು. 'ನಂದು ಮಸ್ಕಿ' ಎಂದರು. ರೊಟ್ಟಿ ನೋಡಿ ಊರಿನ ದಿಕ್ಕು ಹಿಡಿದಿದ್ದರು. ಅರ್ಧ ರೊಟ್ಟಿ ಹಿಂಡಿ ಹಚ್ಚಿ ಕೊಟ್ಟೆವು. ನಿಂತುಕೊಂಡೇ ತಿಂದರು. ಹೋಗುವಾಗ ರಸ್ತೆಯ ಆಚೆ ಕೈ ತೋರಿಸಿ ಹೇಳಿದರು: 'ವಿಧಾನಸೌಧ ಹಗಲು ನೋಡಬ್ಯಾಡ್ರಿ. ಭಾನುವಾರ ಸಂಜಿಮುಂದ ದೀಪ ಹಾಕ್ತಾರ. ಆಗ ನೋಡ್ರಿ.'

ಆದರೆ ಸಂಜೆ ಐದಕ್ಕೆ ಟ್ಯಾಂಕರ್ ಬರುವುದಿತ್ತು. ನೀರು ಹಿಡಿಯದಿದ್ದರೆ ಎರಡು ದಿನ ಕಷ್ಟ. ವಿಧಾನಸೌಧಕ್ಕೆ ಬೆನ್ನು ಹಾಕಿ ಬಸ್ ಹತ್ತಿದೆವು. ಚಿಗವ್ವ ಕಿಟಕಿಯಿಂದ ಕುತ್ತಿಗೆ ತಿರುಗಿಸಿ ಕಾಣುವ ತನಕ ನೋಡಿದಳು.

ಆಮೇಲೆ ತಿಂಗಳಿಗೆ ಒಂದು ಭಾನುವಾರ ಎಂದು ಗೊತ್ತು ಮಾಡಿಕೊಂಡೆವು. ಉಳಿದ ಭಾನುವಾರ ಬಟ್ಟೆ ಒಗೆಯುವುದು, ಸಂತೆ, ನಿದ್ದೆ. ಹೀಗೆ ಬಂದದ್ದು ಲಾಲ್‌ಬಾಗಿನ ದಿನ. 2016ರ ಏಪ್ರಿಲ್ 24.

ಬೆಳಗ್ಗೆ ಒಂಬತ್ತರೊಳಗೆ ಹೋದರೆ ಲಾಲ್‌ಬಾಗಿಗೆ ಆಗ ಟಿಕೆಟ್ ಇರಲಿಲ್ಲ. ಆರಕ್ಕೇ ಬಸ್ ಹಿಡಿದೆವು. ಹೈದರ್ ಅಲಿ 1760ರಲ್ಲಿ ಶುರು ಮಾಡಿದ ತೋಟ. ಈಗ 240 ಎಕರೆ. ಒಳಗೆ ಹೋದ ಕೂಡಲೇ ಕಂಡದ್ದು ಒಂದು ದೊಡ್ಡ ಕಲ್ಲುಬಂಡೆ, ಅದರ ತಲೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಎಂದು ಫಲಕ ಓದಿ ಹೇಳಿದೆವು. ಜನ ಹತ್ತಿ ಫೋಟೊ ಹೊಡೆದುಕೊಳ್ಳುತ್ತಿದ್ದರು. ಕಾಕಾ ಬಂಡೆಯನ್ನು ಅಂಗೈಯಿಂದ ತಟ್ಟಿ ನೋಡಿದರು. 'ಇಂಥಾವು ನಮ್ಮ ಊರ ಸುತ್ತ ನೂರು ಅದಾವ. ಅಲ್ಲಿ ಆಡು ಕೂಡ ಹತ್ತಂಗಿಲ್ಲ. ಇಲ್ಲಿ ರೊಕ್ಕ ಕೊಟ್ಟು ಹತ್ತತಾರ!' ಎಂದರು. ಸುತ್ತಲಿದ್ದ ನಾಲ್ಕಾರು ಜನ ತಿರುಗಿ ನೋಡಿ ನಕ್ಕರು.

ಮಧ್ಯಾಹ್ನ ಬಿಸಿಲು ಏರಿತು. ಬೆಂಗಳೂರಿನವರು ಕೊಡೆ ಹಿಡಿದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು 'ಅಯ್ಯೋ, ಅಮ್ಮಾ' ಎನ್ನುತ್ತಿದ್ದರು. ಆ ದಿನ ನಗರದಲ್ಲಿ 39.2 ಡಿಗ್ರಿ, ಬೆಂಗಳೂರಿನ ದಾಖಲೆ ಎಂದು ಮರುದಿನ ಪೇಪರಿನಲ್ಲಿ ಬಂತು. ಕಾಕಾ ಮರದ ಬುಡದಲ್ಲಿ ಟವೆಲ್ ಹಾಸಿ ಅಡ್ಡಾಗಿ, 'ಇದು ಬಿಸಲಂತ? ನಮ್ಮ ಕಡೆ ಇದಕ್ಕ ನೆಳ್ಳು ಅಂತಾರ' ಎಂದು ಕಣ್ಣು ಮುಚ್ಚಿದರು. ಬೆಂಗಳೂರಿಗೆ ಬಂದ ಮೇಲೆ ಅವರು ಹಗಲು ಹೊತ್ತು ಮಲಗಿದ್ದನ್ನು ನೋಡಿದ್ದು ಅದೇ ಮೊದಲು.

1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯ ಮುಂದೆ ಫೋಟೊ ತೆಗೆದೆವು. ತೆಗೆದವರು ನಾವೇ. ಕ್ಯಾಮೆರಾ ಹಿಡಿಯುವುದು ನಮ್ಮ ಕಸುಬು, ಹೇಗೆ ನಿಲ್ಲಿಸಬೇಕು ಎಂದು ಗೊತ್ತು. ಕಾಕಾ ಮದುವೆಗೆಂದು ಇಟ್ಟಿದ್ದ ಬಿಳಿ ಅಂಗಿ ಹಾಕಿದ್ದರು. ಅಕ್ಕನ ಮಗನ ಕಪ್ಪು ಕನ್ನಡಕ ಕಾಕಾನ ಕಣ್ಣಿಗೆ ಏರಿತು. ಚಿಗವ್ವನ ಕೈಯಲ್ಲಿ ಐಸ್‌ಕ್ರೀಂ. 'ಸ್ವಲ್ಪ ನಗ್ರಿ' ಎಂದೆವು. ನಕ್ಕರು. ಹುಡುಗ ಸಂಜೆಯೊಳಗೆ ಆ ಫೋಟೊವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ.

ಎರಡು ದಿನ ಬಿಟ್ಟು ಆಯಿಯ ಫೋನ್ ಬಂತು.

ಸಾವಕಾರರು ಮನೆಯ ಮುಂದೆ ಬಂದು ನಿಂತಿದ್ದರಂತೆ. ಒಳಗೆ ಬರಲಿಲ್ಲ. ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿದರಂತೆ: 'ಬಡ್ಡಿ ಕೊಡಾಕ ರೊಕ್ಕಿಲ್ಲ, ಚಷ್ಮಾ ಹಾಕ್ಕೊಂಡು ಬೆಂಗಳೂರು ತಿರುಗಾಕ ರೊಕ್ಕ ಐತಿ.' ನಲ್ಲಿಯ ಹತ್ತಿರ ನೀರಿಗೆ ನಿಂತವರೂ ಅದನ್ನೇ ಆಡಿದರಂತೆ. ಬರ ಬಂದೈತಿ ಅಂತ ಹೋದವರು ಮಜಾ ಮಾಡ್ಲಿಕ್ಕೆ ಹೋಗ್ಯಾರ. ಕಾಕಾನ ಸಣ್ಣ ಮಗ ಶಾಲೆಯಿಂದ ಅಳುತ್ತಾ ಬಂದಿದ್ದನಂತೆ. ಇಷ್ಟೆಲ್ಲ ಹೇಳಿ ಆಯಿ ಕೇಳಿದಳು, 'ಖರೇ ಹೇಳ್ರಿ, ದುಡಿಯಾಕ ಹೋಗೀರೋ, ತಿರುಗಾಕ ಹೋಗೀರೋ?'

ಕಾಕಾ ತಟ್ಟೆಯಲ್ಲಿ ಕೈ ತೊಳೆದು ಎದ್ದರು. ಆ ರಾತ್ರಿ ಮಾತಾಡಲಿಲ್ಲ.

ಮುಂದಿನ ಭಾನುವಾರ ಮೇ 1. ಕಾರ್ಮಿಕರ ದಿನ. ಸೈಟಿನ ಗೇಟಿಗೆ ಯಾರೋ ಬಲೂನು ಕಟ್ಟಿದ್ದರು. ಕಾಕಾ ಮೇಸ್ತ್ರಿಯನ್ನು ಕೇಳಿಕೊಂಡು ಆ ದಿನವೂ ಕೆಲಸಕ್ಕೆ ಹೋದರು. ಅದರ ಮುಂದಿನ ಭಾನುವಾರವೂ ಹೋದರು. ಕನ್ನಡಕ ಕೇಳಿದರೆ ಹುಡುಗ 'ಕಳದೈತಿ' ಎಂದ. ಅದು ಅವನ ಬ್ಯಾಗಿನ ತಳದಲ್ಲೇ ಇತ್ತು.

ಆ ಎರಡು ಭಾನುವಾರ ನಾವು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಹಾಕುತ್ತಾ ಕೂತೆವು. ಲಾಲ್‌ಬಾಗಿನ ದಿನದ ಖರ್ಚು: ನಾಲ್ವರ ಬಸ್ಸಿಗೆ 280, ಚಹಾಕ್ಕೆ 32, ಚುರುಮುರಿಗೆ 40, ಐಸ್‌ಕ್ರೀಂಗೆ 40. ಒಟ್ಟು 392. ಕಾಕಾ, ಚಿಗವ್ವ ಇಬ್ಬರ ಪಾಲು 196. ಅವರಿಬ್ಬರ ಒಂದು ದಿನದ ದುಡಿಮೆ 700. ಆ ತಿಂಗಳ ಬಡ್ಡಿ 1,800 ಮತ್ತು ಅಸಲಿಗೆ 5,000 ಏಪ್ರಿಲ್ 10ಕ್ಕೇ ಕಳಿಸಿದ್ದರು. ಸಾವಕಾರರು ಕೇಳಿದ್ದು ಹಿಂದಿನ ಬಾಕಿ. ಅವರ ಮಾತು ಪೂರ್ತಿ ಸುಳ್ಳು ಎನ್ನಲು ಬರುವುದಿಲ್ಲ. ಸಾಲ ಇದ್ದದ್ದು ನಿಜ, ಐಸ್‌ಕ್ರೀಂ ತಿಂದದ್ದೂ ನಿಜ. ಆದರೆ 196 ರೂಪಾಯಿ ಉಳಿಸಿದ್ದರೆ ಸಾಲ ತೀರುತ್ತಿತ್ತೆ?

ಲೆಕ್ಕಕ್ಕಿಂತ ಹೆಚ್ಚು ಕಾಡಿದ್ದು ಬೇರೆ ಒಂದು ಫೋಟೊ.

ಹಿಂದಿನ ವರ್ಷ ಗುಳೆಯ ಸುದ್ದಿಗೆಂದು ಒಂದು ತಾಂಡಾಕ್ಕೆ ಹೋಗಿದ್ದೆವು. ಸಾಲು ಮನೆಗಳಿಗೆ ಬೀಗ. ಕಟ್ಟೆಯ ಮೇಲೆ ಒಬ್ಬ ಅಜ್ಜಿ, ಮೊಮ್ಮಗಳು ಮಡಿಲಲ್ಲಿ. ಕ್ಯಾಮೆರಾ ತೆಗೆದರೆ ಅಜ್ಜಿಯ ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ. ಮುಂಬೈಗೆ ದುಡಿಯಲು ಹೋದ ಮಗ ಆಗ ತಾನೇ ಫೋನ್ ಮಾಡಿದ್ದನಂತೆ. ಸಮುದ್ರ ನೋಡಿ ಬಂದನಂತೆ. ನೀರಿಗೆ ಆಚೆ ದಂಡೆಯೇ ಇಲ್ಲವಂತೆ. 'ಆಚೆ ದಂಡಿ ಇಲ್ಲಂತ ನೋಡಪ್ಪಾ!' ಎಂದು ನಮಗೂ ಎರಡು ಸಲ ಹೇಳಿದಳು. ನಾವು ಏನು ಮಾಡಿದೆವು ಗೊತ್ತೆ? 'ಅಜ್ಜೀ, ಸ್ವಲ್ಪ ಹೊತ್ತು ನಗಬ್ಯಾಡ್ರಿ' ಎಂದೆವು. ಬೀಗ ಕಾಣುವ ಹಾಗೆ ಕೂರಿಸಿದೆವು. ಫೋಟೊ ಮೂರು ಕಾಲಂನಲ್ಲಿ ಬಂತು. ಸಮುದ್ರದ ಮಾತು ಸುದ್ದಿಯಲ್ಲಿ ಬರಲಿಲ್ಲ. ಅದು ಬಂದರೆ ಸುದ್ದಿ ಹಗುರಾಗುತ್ತದೆ ಎಂದು ನಾವೇ ತೆಗೆದಿದ್ದೆವು.

ಒಬ್ಬರಿಗೆ ನಗಬೇಡಿ ಎಂದಿದ್ದೆವು, ಇನ್ನೊಬ್ಬರಿಗೆ ನಗಿರಿ ಎಂದಿದ್ದೆವು. ಬೀಗದ ಫೋಟೊದಲ್ಲಿ ಸಮುದ್ರ ಇಲ್ಲ, ಲಾಲ್‌ಬಾಗಿನ ಫೋಟೊದಲ್ಲಿ ಶೆಡ್ಡು ಇಲ್ಲ. ಸಾವಕಾರರು ನೋಡಿದ್ದು ಅರ್ಧ. ಆ ಅರ್ಧ ಕೊಟ್ಟವರು ನಾವು. ನಮ್ಮ ಕಡೆಯ ಪೇಪರುಗಳಲ್ಲಿ ಎಷ್ಟೋ ವರ್ಷದಿಂದ ಗುಳೆ ಎಂದರೆ ಬೀಗ, ಮುದುಕಿ, ಕಣ್ಣೀರು ಎಂದೇ ಅಚ್ಚಾಗುತ್ತಿದ್ದರೆ, ಗುಳೆ ಹೋದವನು ಒಂದು ದಿನ ನಕ್ಕಾಗ ಊರಿಗೆ ಅದು ಮೋಸದ ಹಾಗೆ ಕಾಣದೆ ಇನ್ನೇನು?

ಇದನ್ನೆಲ್ಲ ಕಾಕಾಗೆ ಹೇಳಲು ಹೋದೆವು. 'ಇರ್ಲಿ ಬಿಡು ತಮ್ಮಾ. ಫೋಟೊ ಬಿಡು. ನೋಡೂದು ಬ್ಯಾಡ, ಆಡ್ಸಿಕೊಳ್ಳೂದು ಬ್ಯಾಡ' ಎಂದರು.

ಚಿಗವ್ವ ಮಾತ್ರ ಬಿಡಲಿಲ್ಲ. ಮೇ ಮೂರನೇ ಶನಿವಾರ ಬಟವಾಡೆ ಆದ ಮೇಲೆ, ರೊಟ್ಟಿ ತಟ್ಟುತ್ತಲೇ ಹೇಳಿದಳು: 'ಇನ್ನು ಹದಿನೈದು ದಿನಕ್ಕ ಮಳಿ ಬಂದ್ರ ಊರಿಗೆ ಹೊಂಟೀವಿ. ನಾ ಆ ದೀಪ ನೋಡಿಲ್ಲ. ನಾಲ್ಕು ತಿಂಗಳು ಬಾಂಡ್ಲಿ ಹೊತ್ತೀನಿ, ಒಂದು ದೀಪ ನೋಡಾಕ ಸಾವಕಾರನ್ನ ಕೇಳಬೇಕಾ?' ಕಾಕಾ ಮಾತಾಡಲಿಲ್ಲ. ಬೆಳಗ್ಗೆ ನೋಡಿದರೆ ಬಿಳಿ ಅಂಗಿ ಹಗ್ಗದ ಮೇಲೆ ಒಣಗುತ್ತಿತ್ತು.

ಟ್ಯಾಂಕರಿನ ನೀರು ಹಿಡಿದುಕೊಡಲು ಪಕ್ಕದ ಶೆಡ್ಡಿನ ದೇವದುರ್ಗದವರಿಗೆ ಹೇಳಿದೆವು. ಬಸ್ಸಿನಲ್ಲಿ ಬೈಯಪ್ಪನಹಳ್ಳಿಗೆ ಹೋಗಿ ಮೆಟ್ರೊ ಹತ್ತಿದೆವು. ನೆಲದೊಳಗಿನ ದಾರಿ ಏಪ್ರಿಲ್ 30ರಂದು ಜನರಿಗೆ ಬಿಟ್ಟಿದ್ದರು, ಇನ್ನೂ ಹೊಸ ಬಣ್ಣದ ವಾಸನೆ ಹೋಗಿರಲಿಲ್ಲ. ತಾನೇ ಏರುವ ಮೆಟ್ಟಿಲಿನ ಮುಂದೆ ಚಿಗವ್ವ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಳು. ಹಿಂದೆ ನಿಂತವರು ಬೇಸರ ಮಾಡಿಕೊಳ್ಳದೆ ಕಾದರು. ಒಬ್ಬ ಕಾಲೇಜು ಹುಡುಗಿ ಕೈ ಹಿಡಿದು ಹತ್ತಿಸಿದಳು. ರೈಲು ಮೇಲಿನಿಂದ ನೆಲದೊಳಗೆ ಇಳಿದು ಕಿಟಕಿ ಕತ್ತಲಾದಾಗ ಕಾಕಾ ಗೋಡೆಯನ್ನೇ ನೋಡುತ್ತಿದ್ದರು. 'ಇದನ್ನ ಕೊರದವರು ಯಾ ಊರಿನವರೋ' ಎಂದರು. ಬೆಂಗಳೂರಿನಲ್ಲಿ ಯಾವ ಕಟ್ಟಡ ಕಂಡರೂ ಅವರ ಮೊದಲ ಪ್ರಶ್ನೆ ಅದೇ ಆಗಿತ್ತು.

ವಿಧಾನಸೌಧದ ಮುಂದೆ ಬಂದಾಗ ಹೊತ್ತು ಮುಳುಗುತ್ತಿತ್ತು. ಗೇಟಿನ ಹೊರಗೆ ಜನವೋ ಜನ. ಚಿಗವ್ವ ನೇರ ಗೇಟಿಗೇ ನಡೆದಳು. ಪೊಲೀಸಿನವರು ತಡೆದು, 'ಒಳಗೆ ಬಿಡಲ್ಲಮ್ಮ, ಅಲ್ಲಿಂದಲೇ ನೋಡಿ' ಎಂದರು. ಬೈಯಲಿಲ್ಲ, ಆದರೆ ಬಿಡಲೂ ಇಲ್ಲ. ಕಬ್ಬಿಣದ ಬೇಲಿಯ ಹೊರಗೆ ನಿಂತೆವು.

ದೀಪ ಹತ್ತಿತು.

ಜನ 'ಓ' ಎಂದರು. ಚಿಗವ್ವ ಏನೂ ಅನ್ನಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಷ್ಟು ದೊಡ್ಡ ಕಲ್ಲಿನ ರಾಶಿ, ಬೆಳಕು ಬಿದ್ದೊಡನೆ ಹಗುರಾಗಿ ಕಂಡಿತು.

ಬಾಗಿಲ ಮೇಲೆ ಬರೆದದ್ದನ್ನು ಹುಡುಗ ಓದಿದ: 'ಸರ್ಕಾರದ ಕೆಲಸ ದೇವರ ಕೆಲಸ.' ನಮಗೆ ಗೊತ್ತಿದ್ದನ್ನು ನಾವು ಹೇಳಿದೆವು. ನೆಹರೂ ಅವರು 1951ರ ಜುಲೈ 13ರಂದು ಅಡಿಗಲ್ಲು ಇಟ್ಟದ್ದು, ಕೆಂಗಲ್ ಹನುಮಂತಯ್ಯನವರು ಹಠ ಹಿಡಿದು ಕಟ್ಟಿಸಿದ್ದು. ಅಡಿಗಲ್ಲು ಇಟ್ಟಾಗ ನಮ್ಮ ರಾಯಚೂರು ಈ ರಾಜ್ಯದಲ್ಲೇ ಇರಲಿಲ್ಲ, ಹೈದರಾಬಾದ್ ರಾಜ್ಯದಲ್ಲಿತ್ತು. ಕಟ್ಟಡ ಮುಗಿದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ನಾವು ಈ ಕಡೆ ಸೇರಿದೆವು. 'ಅಂದ್ರ ಮನಿ ಕಟ್ಟಿ ಮುಗಿಯೂದಕ್ಕೂ ನಾವು ಬರೂದಕ್ಕೂ ಸರಿ ಆತು' ಎಂದಳು ಚಿಗವ್ವ.

ಕಾಕಾ ಬೇಲಿಯ ಕಂಬಿ ಹಿಡಿದು ಕಲ್ಲಿನ ಸಂದುಗಳನ್ನೇ ನೋಡುತ್ತಿದ್ದರು. ಸೈಜುಗಲ್ಲು ಒಡೆದ ಕೈಯದು. 'ಎಲ್ಲೂ ಕಲ್ಲು ಬಾಯಿ ಬಿಟ್ಟಿಲ್ಲ ನೋಡು. ಒಂದೊಂದು ಕಲ್ಲಿಗೆ ಎಷ್ಟು ದಿನ ಕುಂತಿರಬೇಕು' ಎಂದರು. ಸುಮಾರು 5,000 ಕೂಲಿಯವರು, 1,500 ಕಲ್ಲುಕುಟಿಗರು ಮತ್ತು ಇತರ ಕುಶಲಿಗಳು ದುಡಿದಿದ್ದರು, ಅವರಲ್ಲಿ ಜೈಲಿನ ಕೈದಿಗಳೂ ಇದ್ದರು ಎಂದೆವು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಕಟ್ಟಿದ ಮ್ಯಾಲೆ ಅವ್ರು ಯಾರರ ಬಂದು ನೋಡಿದ್ರೋ ಇಲ್ಲೋ?'

ನಮಗೆ ಉತ್ತರ ಗೊತ್ತಿರಲಿಲ್ಲ. ಅವರೇ ಮುಂದುವರಿಸಿದರು: 'ನಮ್ಮ ಹದಿನಾಕನೇ ಮಾಳಗಿಗೆ ಜನ ಬಂದ ಮ್ಯಾಲೆ ನಮ್ಮನ್ನ ಗೇಟಿನಾಗ ಬಿಡಂಗಿಲ್ಲ. ಅದು ಗೊತ್ತೈತಿ. ಅದಕ್ಕ ದಿನಾ ಸಂಜಿಮುಂದ ಕರಣಿ ತೊಳಿಯೂಕಿಂತ ಮೊದಲ ಒಂದು ಸಲ ಸುತ್ತ ನೋಡಿ ಇಳೀತೀನಿ.'

ನಾಲ್ಕು ತಿಂಗಳು ಪಕ್ಕದಲ್ಲೇ ದುಡಿದಿದ್ದೆವು. ಕಾಕಾ ದಿನವೂ ಊರು ನೋಡುತ್ತಾರೆಂದು ನಮಗೆ ಗೊತ್ತೇ ಇರಲಿಲ್ಲ.

ಫೋನ್ ಕೈಯಲ್ಲಿತ್ತು. ಎತ್ತಲೋ ಬೇಡವೋ ಎಂದು ನಿಂತೆವು. ಚಿಗವ್ವ ನೋಡಿ ಅಂದಳು: 'ಹೊಡಿ. ನಾವೇನು ಕದ್ದು ಬಂದಿಲ್ಲ.' ಕಾಕಾ ಬೇಡ ಎನ್ನಲಿಲ್ಲ. ಹುಡುಗ ಬ್ಯಾಗಿನ ತಳದಿಂದ ಕನ್ನಡಕ ತೆಗೆದ. ರಾತ್ರಿ ಹೊತ್ತು ಕಪ್ಪು ಕನ್ನಡಕ ಯಾಕೆ ಎಂದು ಕಾಕಾ ನಕ್ಕರು. ಆ ನಗು ಬಂದದ್ದೇ ಫೋಟೊದಲ್ಲಿ ಸಿಕ್ಕಿದೆ. ಯಾರೂ ನಗಿರಿ ಎಂದಿರಲಿಲ್ಲ.

ಶೆಡ್ಡಿಗೆ ಬಂದು ಇನ್ನೊಂದು ಫೋಟೊ ತೆಗೆದೆವು. ತಗಡು, ಒಲೆ, ಸಾಲಾಗಿ ಇಟ್ಟ ಕೊಡಗಳು, ಬಾಗಿಲಲ್ಲಿ ಅದೇ ಬಿಳಿ ಅಂಗಿಯ ಕಾಕಾ. ಎರಡನ್ನೂ ಒಟ್ಟಿಗೆ ಊರಿನ ಗುಂಪಿಗೆ ಹಾಕಿದೆವು. ಕೆಳಗೆ ಒಂದೇ ಸಾಲು ಬರೆದೆವು: 'ಆರು ದಿನ ಇಲ್ಲಿ, ಒಂದು ದಿನ ಅಲ್ಲಿ.' ಸಾವಕಾರರು ಏನೂ ಬರೆಯಲಿಲ್ಲ. ಪಕ್ಕದ ಓಣಿಯವರೊಬ್ಬರು ಪುಣೆಯಿಂದ ತಮ್ಮ ಶೆಡ್ಡಿನ ಫೋಟೊ ಹಾಕಿದರು. ಅದನ್ನು ನೋಡಿ ಗೋವಾದವರೊಬ್ಬರು ಹಾಕಿದರು. ಮರುದಿನ ಆಯಿ ಫೋನ್ ಮಾಡಿ ಕೇಳಿದ್ದು ಒಂದೇ: 'ದೀಪ ಎಣಿಸಿದ್ಯೇನಾ?'

ಆ ಸಾಲ 2018ರಲ್ಲಿ ತೀರಿತು. ಕಾಕಾ ಇನ್ನೆರಡು ಸಲ ಗುಳೆ ಹೋಗಿ ಬಂದರು. ಹುಡುಗ ಈಗ ಬೆಂಗಳೂರಿನಲ್ಲೇ ಎಲೆಕ್ಟ್ರಿಷಿಯನ್. ನಾವು ಊರಿಗೆ ಬಂದು ಮತ್ತೆ ಸುದ್ದಿ ಬರೆಯುತ್ತಿದ್ದೇವೆ. ಗುಳೆಯ ಸುದ್ದಿಯನ್ನೂ ಬರೆಯುತ್ತೇವೆ, ಬೀಗದ ಫೋಟೊವನ್ನೂ ತೆಗೆಯುತ್ತೇವೆ, ಯಾಕೆಂದರೆ ಬೀಗ ಸುಳ್ಳಲ್ಲ. ಆದರೆ ಈಗ ಅಲ್ಲಿ ಕೂತವರಿಗೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತೇವೆ: 'ಹೋದವರು ಅಲ್ಲಿ ಏನೇನು ನೋಡಿದರಂತೆ?' ಆಗ ಜನ ಮಾತಾಡುವ ರೀತಿಯೇ ಬೇರೆ. ಎಷ್ಟು ಕೂಲಿ, ಎಷ್ಟು ಸಾಲ, ಮೇಸ್ತ್ರಿ ಎಷ್ಟು ಹಿಡಿದುಕೊಂಡ ಎಂಬುದೂ ಆ ಮಾತಿನ ಹಿಂದೆಯೇ ಬರುತ್ತದೆ. ಆ ತಾಂಡಾಕ್ಕೆ ಮತ್ತೊಮ್ಮೆ ಹೋಗಿದ್ದೆವು. ಅಜ್ಜಿ ತೀರಿಕೊಂಡಿದ್ದಳು.

ಆಯಿಗೆ ಕೊಡಬೇಕಿದ್ದ ಉತ್ತರ ಇದು: ದುಡಿಯಾಕ ಹೋಗಿದ್ವಿ ಆಯಿ. ದುಡಿಯಾಕ ಹೋದವರಿಗೂ ಕಣ್ಣು ಇರ್ತಾವ.

ಹೋದ ವರ್ಷ, 2025ರ ಜೂನ್‌ನಲ್ಲಿ ಒಂದು ಸುದ್ದಿ ಬಂತು. ವಿಧಾನಸೌಧದ ಒಳಗೆ ಈಗ ಸಾಮಾನ್ಯ ಜನರನ್ನೂ ಬಿಡುತ್ತಾರೆ. ಭಾನುವಾರ ಗೈಡ್ ಜೊತೆ ಸುತ್ತಿ ನೋಡಬಹುದು, ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆಯಬೇಕು, ದೊಡ್ಡವರಿಗೆ 50 ರೂಪಾಯಿ. ಅದನ್ನು ಓದಿ ಹೇಳಿದಾಗ ಚಿಗವ್ವ ಮೊರದಲ್ಲಿದ್ದ ಅಕ್ಕಿ ಕೆಳಗಿಟ್ಟಳು. 'ಒಳಗ ಬಿಡ್ತಾರಂತ? ನನಗ ಬಸ್ ಫ್ರೀ ಐತಿ. ನಿಮ್ಮ ಕಾಕಾನ ಬಸ್ ಚಾರ್ಜು ನೀ ಕೊಡು' ಎಂದಳು.

ಕಾಕಾ ಕಟ್ಟೆಯ ಮೇಲಿಂದಲೇ ಕೇಳಿದರು: 'ಒಳಗ ಹೋದ್ರ ಕಲ್ಲು ಮುಟ್ಟಾಕ ಬಿಡ್ತಾರೇನು ಕೇಳು ಮೊದಲ.'

ಈ ಸಲ ತೊಗರಿ ರಾಶಿ ಮುಗಿದ ಮೇಲೆ ಹೋಗುವುದೆಂದು ಗೊತ್ತಾಗಿದೆ. ದುಡಿಯಲು ಅಲ್ಲ, ತಿರುಗಲು. ಊರಲ್ಲಿ ಎಲ್ಲರಿಗೂ ಹೇಳಿಯೇ ಹೋಗುತ್ತೇವೆ.